ಒದ್ದೆ ಬಟ್ಟೆಯಡಿಯ ಮಾತು

"ಗುರುಗಳೇ, ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಬಿಟ್ಟುಕೊಡುವ ಕಾಲವೂ ಬರುತ್ತದೆಯೇ?" ಎಂದು ವ್ಯಾಕರಣ ಓದುತ್ತಿದ್ದ ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು. ಇದರಲ್ಲಿ ಗುಲಗಂಜಿಯಷ್ಟೂ ಸುಳ್ಳಿಲ್ಲ ಎಂದೂ ಸೇರಿಸಿದರು.

ಬಾಬಿಲೋನ್ ಸೀಮೆಯಲ್ಲಿ ಒಬ್ಬ ಲಿಪಿಕಾರನಿದ್ದ. ಅಲ್ಲಿನ ಅಕ್ಕಾಡಿಯನ್ ಭಾಷೆಯಲ್ಲಿ 'ಅಲಾಕು' ಎಂದರೆ ಹೋಗುವುದು. ಎಳೆಗೂಸೂ ಆಡುವ ಮಾತು. ಅದರ ಹುಟ್ಟು ಹುಡುಕುತ್ತ ಅವನು ನಲವತ್ತು ವರ್ಷ ಸವೆಸಿದ್ದ. ಹಿಂದೆ ಅದರ ತಲೆಗೆ ಒಂದು ಹಕಾರವಿತ್ತು, ಜನರ ನಾಲಿಗೆಯ ಮೇಲೆ ಸವೆದುಹೋಯಿತು ಎಂದು ಕಂಡುಕೊಂಡಿದ್ದ. 'ಅಲ್ಲಕ್', ಹೋಗುತ್ತೇನೆ. 'ಇಲ್ಲಿಕ್', ಹೋದನು. 'ಅಲಿಕ್', ಹೋಗು. ಹೀಗೆ ಬರೆದ ಮಣ್ಣಿನ ಹಲಗೆಗಳು ಹನ್ನೆರಡು ಗಾಡಿಯಷ್ಟಿದ್ದವು. ಮುಂದೆ ಅವನ್ನು ಹೊತ್ತವರು ಹದಿಮೂರು ಎನ್ನುತ್ತಾರೆ. ಆದರೆ ಒಂದನ್ನೂ ಒಣಗಲು ಬಿಟ್ಟವನಲ್ಲ. ನಾಳೆ ಇನ್ನೊಂದು ರೂಪ ಸಿಕ್ಕರೆ ತಿದ್ದಬೇಕಲ್ಲ! ಒದ್ದೆ ಬಟ್ಟೆ ಹೊದಿಸಿ, ದಿನವೂ ನೀರು ಚಿಮುಕಿಸಿ ಕಾಯುತ್ತಿದ್ದ.

ಒಂದು ಮಧ್ಯಾಹ್ನ ಕಾಲುವೆಯ ಏರಿ ಬಿರಿಯಿತು. ಕೆಳಗೆ ಮುನ್ನೂರು ಮನೆ. ಬಿಸಿಲಿಗೆ ಸುತ್ತಲ ನೆಲ ಹುಡಿಯಾಗಿತ್ತು. ಬಿರುಕಿಗೆ ಬುಟ್ಟಿ ಬುಟ್ಟಿ ಸುರಿದ ಮಣ್ಣೆಲ್ಲ ನೀರುಪಾಲು. ಕಾಲುವೆಯ ಮೇಸ್ತ್ರಿ ಆಳುಗಳನ್ನು ಕರೆದುಕೊಂಡು ಲಿಪಿಕಾರನ ಬಾಗಿಲಿಗೆ ಓಡಿಬಂದ.

"ದಾರಿ ಬಿಡಯ್ಯ. ಊರಿಗೆಲ್ಲ ಹಸಿ ಜೇಡಿ ಇರುವುದು ನಿನ್ನ ಮನೆಯಲ್ಲೇ."

"ಜೇಡಿಯಲ್ಲವೋ ಮೂಢ, ಒಂದು ಮಾತಿನ ವಂಶಾವಳಿ! ಇದಕ್ಕೆ ಇನ್ನೊಂದು ಪ್ರತಿಯಿಲ್ಲ."

"ಹಾಗೋ ಪಂಡಿತ? ಏರಿಯ ಮೇಲೆ ನಿಂತು ಆ ಮಾತನ್ನೇ ಹೇಳು ಬಾ. 'ಹೋಗು' ಅಂದರೆ ನೀರು ಹೋಗುತ್ತದೋ ನೋಡೋಣ."

ಲಿಪಿಕಾರ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಕೆಳಕೇರಿಯ ಕೂಗು ಮೇಲೇರಿ ಬಂತು. ಮೇಸ್ತ್ರಿ ಅವನನ್ನು ತಳ್ಳಲಿಲ್ಲ. ಅವನ ಮುಖವನ್ನೇ ನೋಡಿದ. ಕೂಗು ಇನ್ನೂ ಜೋರಾಯಿತು.

ಲಿಪಿಕಾರನ ಕೈಗಳು ಕೆಳಗಿಳಿದವು. ಒದ್ದೆ ಬಟ್ಟೆಯನ್ನು ಅವನೇ ಎಳೆದ. ಮಾತಿನ ಹುಟ್ಟು ಬರೆದಿದ್ದ ಹಲಗೆಯನ್ನು ಎತ್ತಿ, ಓದದೆ, ಮೊದಲ ಆಳಿನ ಕೈಗಿಟ್ಟ. ಒಂದರ ಹಿಂದೊಂದು ಹಲಗೆ ಕೈಯಿಂದ ಕೈಗೆ ಸಾಗಿತು. ಆಳುಗಳು ಅವನ್ನು ಬಿರುಕಿಗೆ ತುರುಕಿ, ಮೇಲೆ ನಿಂತು ತುಳಿದರು. ಹೊತ್ತು ಮುಳುಗುವಷ್ಟರಲ್ಲಿ ನೀರು ನಿಂತಿತು. ಮನೆಯಲ್ಲಿ ಒಂದು ಅಕ್ಷರವೂ ಉಳಿಯಲಿಲ್ಲ.

ಶಿಷ್ಯ ಹಣೆ ಚಚ್ಚಿಕೊಂಡ. "ಅಯ್ಯೋ ಗುರುಗಳೇ, ನಲವತ್ತು ವರ್ಷದ ವಿದ್ಯೆ ಮಣ್ಣುಪಾಲಾಯಿತಲ್ಲ!"

ಗುರು ಅವನತ್ತ ತಿರುಗಿದರು. "ಮುನ್ನೂರು ಮನೆ ಉಳಿದದ್ದು ನಿನ್ನ ಕಿವಿಗೆ ಬೀಳಲೇ ಇಲ್ಲವೇನಪ್ಪಾ?"