ಇಮಾಂಬಿಯ ಪಾಳಿ

ಒಬ್ಬಳು ಶಿಷ್ಯೆ ಕೇಳಿದಳು: "ತಾಯಿ, ನನ್ನ ಗೆಳತಿಯ ಧರ್ಮ ಬೇರೆ, ಪಕ್ಷ ಬೇರೆ. ಚುನಾವಣೆ ಮುಗಿದ ಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಅವಳೇ ಮೊದಲು ಬರಲಿ ಎಂದು ಎರಡು ತಿಂಗಳಿಂದ ಕಾಯುತ್ತಿದ್ದೇನೆ. ಇದು ತಪ್ಪೇ?"

"ಕಾಯುವುದರಲ್ಲಿ ನೀವಿಬ್ಬರೂ ಗಟ್ಟಿಗರು" ಎಂದು ತಾಯಿ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿಯ ಹೆಂಡತಿ ಇದ್ದಳು, ಕಾಳವ್ವ. ಪಕ್ಕದ ಓಣಿಯಲ್ಲಿ ಹತ್ತಿ ಹಿಂಜುವ ಪಿಂಜಾರನ ಹೆಂಡತಿ, ಇಮಾಂಬಿ. ಇಬ್ಬರೂ ದಿನವೂ ನಸುಕಿನಲ್ಲಿ ಕಾಳವ್ವನ ಮನೆಯ ಬೀಸುವ ಕಲ್ಲಿಗೆ ಎದುರುಬದುರು ಕೂರುತ್ತಿದ್ದರು. ಇಬ್ಬರ ಕೈಗೂ ಸಿಗಲೆಂದು ಬಡಗಿಯೇ ಅದಕ್ಕೆ ಉದ್ದದ ಗೂಟ ಮಾಡಿ ಹಾಕಿದ್ದ. ಮೊದಲು ಕಾಳವ್ವ ತನ್ನ ದೇವಿಯ ಮೇಲೆ ಹಾಡಿನ ಒಂದು ನುಡಿ ಎತ್ತುವಳು. ಅದು ಮುಗಿದೊಡನೆ ಇಮಾಂಬಿ ತನ್ನ ಪೀರನ ಮೇಲೆ ಒಂದು ನುಡಿ ಹಾಡುವಳು. ಹೀಗೆ ಹದಿನೆಂಟು ವರ್ಷ ಜೋಳ ಹಿಟ್ಟಾಯಿತು.

ಪಂಚಾಯಿತಿ ಚುನಾವಣೆ ಬಂತು. ಬಡಗಿ ಒಂದು ಪಕ್ಷ, ಪಿಂಜಾರ ಇನ್ನೊಂದು. ಓಟಿನ ಜಗಳ ದೇವರ ಜಗಳವಾಯಿತು. ಕಲ್ಲು ಬಿದ್ದವು, ತಲೆ ಒಡೆದವು. ಆ ಓಣಿಯವರು ಈ ಓಣಿಗೆ, ಈ ಓಣಿಯವರು ಆ ಓಣಿಗೆ ಕಾಲಿಡಬಾರದೆಂದು ಎರಡೂ ಕಡೆಯ ಹಿರಿಯರು ಕಟ್ಟಪ್ಪಣೆ ಮಾಡಿದರು. ಅದೊಂದರಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು.

ಕಾಳವ್ವ ಒಬ್ಬಳೇ ಬೀಸತೊಡಗಿದಳು. ಒಂದು ದಿನ ಬಡಗಿ ಕಿವಿಗೊಟ್ಟು ಕೇಳಿದ. ದೇವಿಯ ನುಡಿ ಮುಗಿಯಿತು. ಅದರ ಹಿಂದೆಯೇ ಅದೇ ಬಾಯಲ್ಲಿ ಪೀರನ ನುಡಿ ಬಂತು. ಅವನಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ಮನ್ಯಾಗ ಕುಂತು ಅವರ ಪೀರನ್ನ ಹಾಡ್ತಿ? ಇನ್ನೊಮ್ಮೆ ಕೇಳಿದ್ರ ತವರಿಗೆ ಕಳಸ್ತೀನಿ."

ಕಾಳವ್ವ ಗೂಟ ಬಿಡಲಿಲ್ಲ. "ಅದು ನನ್ನ ಹಾಡಲ್ರಿ, ಇಮಾಂಬಿ ಪಾಳಿ. ಅಕಿ ಪಾಳಿ ದಾಟಿ ನಾ ಮುಂದ ಹ್ಯಾಂಗ ಹೋಗ್ಲಿ?"

ಇಮಾಂಬಿಯನ್ನೇ ಕೇಳುತ್ತೇನೆಂದು ಬಡಗಿ ಆ ಓಣಿಗೆ ನಡೆದ. ಜಗಳಕ್ಕೆ ಹೋಗುವಾಗ ಅವನಿಗೆ ಹಿರಿಯರ ಅಪ್ಪಣೆ ನೆನಪಾಗಲಿಲ್ಲ. ಇಮಾಂಬಿ ಎರವಲು ತಂದ ಸಣ್ಣ ಕಲ್ಲಿನಲ್ಲಿ ಬೀಸುತ್ತಿದ್ದಳು. ಕಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಡಗಿಯ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು.

"ಯಾಕವ್ವ, ಹಾಡಿಲ್ಲ?" ಎಂದ.

"ಹಾಡು ಎತ್ತಾಕಿ ಯಾವಾಗ್ಲೂ ಕಾಳವ್ವ, ಅಣ್ಣಾ" ಎಂದಳು ಇಮಾಂಬಿ. "ಅಕಿ ಎತ್ತಿಕೊಡದ ನನಗ ಬರೂದಿಲ್ಲ."

ಬಡಗಿಗೆ ನಾಚಿಕೆಯಾಯಿತು. ಮನೆಗೆ ಬಂದು ಆ ಮಾತನ್ನು ಇದ್ದ ಹಾಗೆ ಹೆಂಡತಿಗೆ ಹೇಳಿದ. ಕಾಳವ್ವ ಅತ್ತಳು. ಮರುದಿನ ಹೊತ್ತು ಮೂಡಿದ ಮೇಲೆ, ಎಲ್ಲರೂ ನೋಡುತ್ತಿರುವಾಗ, ಜೋಳದ ಬುಟ್ಟಿ ಹೊತ್ತು ಇಮಾಂಬಿಯ ಮನೆಗೆ ಹೋದಳು. ಆ ವರ್ಷ ಬಡಗಿಗೆ ಅವನ ಪಕ್ಷದವರು ಕೆಲಸ ಕೊಡಲಿಲ್ಲ. ಆದರೂ ಅವನು ಹೆಂಡತಿಯನ್ನು ತಡೆಯಲಿಲ್ಲ. ಕಾಳವ್ವ ದೇವಿಯನ್ನು ಬಿಡಲಿಲ್ಲ, ಇಮಾಂಬಿ ನಮಾಜು ಬಿಡಲಿಲ್ಲ. ಮುಂದಿನ ಚುನಾವಣೆಯಲ್ಲೂ ಇಬ್ಬರೂ ಬೇರೆ ಬೇರೆ ಚಿಹ್ನೆಗೇ ಓಟು ಹಾಕಿದರು.

ತಾಯಿ ಕತೆ ನಿಲ್ಲಿಸಿದರು.

"ಕಾಳವ್ವನದು ದೊಡ್ಡ ಮನಸ್ಸು" ಎಂದಳು ಶಿಷ್ಯೆ.

"ಅದಿರಲಿ ಮಗಳೇ, ನಿಮ್ಮಿಬ್ಬರಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಯಾರು?"