ಬೋರಲು ಹಾಕಿದ ಹರಗೋಲು

"ಗುರುಗಳೇ, ಬಡಾಯಿ ಕೊಚ್ಚಿಕೊಂಡರೆ ಯಾರಿಗೆ ಏನು ನಷ್ಟ?" ಎಂದು ಶಿಷ್ಯ ಕೇಳಿದ.

ಮಠದ ಜಗಲಿಯಲ್ಲಿ ಸಂಜೆಯ ಮಾತುಕತೆ ಮುಗಿದಿತ್ತು. ಉಳಿದವರೆಲ್ಲ ಎದ್ದು ಹೋಗಿದ್ದರು. ಈ ಶಿಷ್ಯ ಫೋನಿನಲ್ಲಿ ದೊಡ್ಡದೊಂದು ಗುಂಪು ಸೇರಿಕೊಂಡಿದ್ದ. ದಿನಾ ಬೆಳಗ್ಗೆ ಅಲ್ಲಿ ನಾಲ್ಕು ಸಾಲಿನ ಒಳ್ಳೆಯ ಮಾತೊಂದನ್ನು ಬರೆಯುತ್ತಿದ್ದ, ಓದಿದವರು ಕೈಮುಗಿಯುತ್ತಿದ್ದರು. ಆ ಗುಂಪಿನಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವವನೊಬ್ಬನಿದ್ದ. ಅವನನ್ನು ಹೊರಗೆ ಹಾಕಿ ಎಂದು ಕೆಲವರು, ಇದ್ದರೆ ಇರಲಿ ಬಿಡಿ ಎಂದು ಕೆಲವರು ಜಗಳಕ್ಕೆ ಬಿದ್ದಿದ್ದರು.

"ಹೇಳಿಕೊಂಡರೆ ಅವನ ಬಾಯಿ ನೋಯುತ್ತದೆ. ಕೇಳಿದವರಿಗೆ ಒಂದು ಗಳಿಗೆ ಖುಷಿ. ಇದರಲ್ಲಿ ತಪ್ಪೆಲ್ಲಿದೆ?" ಎಂದು ಶಿಷ್ಯ ಮತ್ತೆ ಕೇಳಿದ.

ಗುರುಗಳು ಕತೆ ಶುರುಮಾಡಿದರು.

ಹೊಳೆಗೂ ಗುಡ್ಡಕ್ಕೂ ನಡುವೆ ಒಂದು ಹಳ್ಳಿ. ಇಪ್ಪತ್ತು ಮನೆ. ಬಸ್ಸಿಲ್ಲ, ಡಾಕ್ಟರಿಲ್ಲ, ಅಂಗಡಿ ಎನ್ನಬಹುದಾದ ಅಂಗಡಿಯೂ ಇಲ್ಲ. ಪೇಟೆಗೆ ಹೋಗಬೇಕಾದರೆ ಹೊಳೆ ದಾಟಬೇಕು. ದಾಟಿಸುವುದಕ್ಕೆ ಒಬ್ಬ ಅಂಬಿಗ, ಅವನದೊಂದು ಹರಗೋಲು. ಹೊಳೆ ಬೇಡವೆಂದರೆ ಗುಡ್ಡದ ಕಾಲುದಾರಿ ಹಿಡಿದು ದೂರದ ಸೇತುವೆಗೆ ಸುತ್ತಬೇಕು. ಅದು ಅರ್ಧ ದಿನದ ದಾರಿ.

ದಡದಲ್ಲಿ ಮೂರು ಕಲ್ಲು ನೆಟ್ಟಿದ್ದರು, ಒಂದಕ್ಕಿಂತ ಒಂದು ಮೇಲೆ. ನೀರು ಮೂರನೆಯ ಕಲ್ಲನ್ನು ಮುಳುಗಿಸಿತೆಂದರೆ ಅಂಬಿಗ ಹರಗೋಲನ್ನು ಮೇಲಕ್ಕೆ ಎಳೆದು ಬೋರಲು ಹಾಕಿಬಿಡುತ್ತಿದ್ದ. ಬೋರಲು ಹಾಕಿದ ಹರಗೋಲನ್ನು ಹಾಕಿದವನೇ ಎತ್ತಬೇಕು, ಬೇರೆ ಯಾರೂ ಮುಟ್ಟಬಾರದು. ಅದು ಆ ಹಳ್ಳಿಯ ಕಟ್ಟಳೆ. ಮದುವೆಯ ದಿಬ್ಬಣವಾದರೂ ದಡದಲ್ಲಿ ಕೂತು ಕಾಯಬೇಕಿತ್ತು.

ಆ ಹಳ್ಳಿಯಲ್ಲಿ ಒಬ್ಬ ರೈತನಿದ್ದ. ಹೊಲ ಮನೆಯ ಮಟ್ಟಿಗೆ ಒಳ್ಳೆಯವನೇ. ಅವನ ಹತ್ತಿರ ದೊಡ್ಡ ಫೋನೊಂದಿತ್ತು. ಹಳ್ಳಿಯೊಳಗೆ ಸಿಗ್ನಲ್ ಇಲ್ಲ. ಗುಡ್ಡದ ಮೇಲಿನ ಒಂದು ಗುಂಡುಕಲ್ಲಿನ ನೆತ್ತಿಯಲ್ಲಿ ಮಾತ್ರ ಸಿಗುತ್ತಿತ್ತು. ಬೆಳಗ್ಗೆ ದನ ಹೊಡೆದುಕೊಂಡು ಹೋದವನು ಆ ಕಲ್ಲು ಹತ್ತಿ ಕೂರುತ್ತಿದ್ದ. ಸಾವಿರಾರು ಜನರಿದ್ದ ಗುಂಪೊಂದರಲ್ಲಿ ಅವನ ಹೆಸರು ಹೊಳೆಹುಲಿ. ಹೆಸರು ಅವನೇ ಇಟ್ಟುಕೊಂಡದ್ದು.

ಹೊಳೆಹುಲಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ.

ಸಂಜೆಯ ಹೊತ್ತು ಅವನು ಅಂಬಿಗನ ಗುಡಿಸಲ ಮುಂದೆ ಕೂತು ಅವನ ಅನುಭವಗಳನ್ನು ಕೇಳುತ್ತಿದ್ದ. ಬೆಳಗ್ಗೆ ಅವನ್ನೇ ತನ್ನವೆಂದು ಬರೆಯುತ್ತಿದ್ದ.

ಇಲ್ಲಿ ಶಿಷ್ಯ ಸ್ವಲ್ಪ ಅಲುಗಿದ. ಅವನು ದಿನಾ ಬರೆಯುತ್ತಿದ್ದ ನಾಲ್ಕು ಸಾಲುಗಳೂ ಹಿಂದಿನ ಸಂಜೆ ಇದೇ ಜಗಲಿಯಲ್ಲಿ ಗುರುಗಳ ಬಾಯಿಂದ ಕೇಳಿದವೇ ಆಗಿದ್ದವು. ಆದರೆ ಗುರುಗಳು ಫೋನು ಮುಟ್ಟಿದವರಲ್ಲ, ಅವರಿಗೆ ಹೇಗೆ ಗೊತ್ತಾದೀತು ಎಂದುಕೊಂಡು ನೆಟ್ಟಗೆ ಕೂತ. ಗುರುಗಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಕತೆ ಮುಂದುವರಿಯಿತು.

ಅಂಬಿಗ ಹೇಳುವ ಮಾತಿನಲ್ಲಿ ಕಾಯುವುದೇ ಹೆಚ್ಚು. ಬಸುರಿಯನ್ನು ದಾಟಿಸಬೇಕಿತ್ತು, ಎರಡು ದಿನ ದಡದಲ್ಲಿ ಕೂತೆ, ನೀರು ಎರಡನೇ ಕಲ್ಲಿಗೆ ಇಳಿಯಿತು, ಆಮೇಲೆ ಹರಗೋಲು ಎತ್ತಿದೆ ಎನ್ನುತ್ತಿದ್ದ. ಓದುವವರಿಗೆ ಬೇಸರವಾದೀತೆಂದು ರೈತ ಆ ಎರಡು ದಿನವನ್ನು ಬಿಟ್ಟುಬಿಡುತ್ತಿದ್ದ. ತುಂಬಿದ ಹೊಳೆಗೆ ಇಳಿದೆ, ಬಸುರಿಯನ್ನು ದಾಟಿಸಿದೆ ಎಂದು ಬರೆಯುತ್ತಿದ್ದ. ಒಮ್ಮೆ ಪಾದ ಮುಳುಗುವಷ್ಟು ನೀರಿನಲ್ಲಿ ಹರಗೋಲು ಹತ್ತಿ, ಅಂಬಿಗನ ಹುಟ್ಟು ಹಿಡಿದು ನಿಂತು ಫೋಟೊ ತೆಗೆಸಿಕೊಂಡ. ಜನ ಶಹಬ್ಬಾಸ್ ಎಂದರು. ಗುಂಪಿನವರು ಮಳೆಗಾಲದಲ್ಲಿ ಹಳ್ಳಿ ಕಂಡವರಲ್ಲ, ಹಳ್ಳಿಯವರು ಗುಂಪು ಕಂಡವರಲ್ಲ. ಎರಡನ್ನೂ ಕಂಡವನು ಅವನೊಬ್ಬನೇ. ಕೇಳುವವರು ಯಾರು?

ಆ ಗುಂಪಿನಲ್ಲಿ ಪೇಟೆಯ ಒಬ್ಬ ವ್ಯಾಪಾರಿಯೂ ಇದ್ದ. ಅವನ ಮಗಳನ್ನು ಇದೇ ಹಳ್ಳಿಗೆ ಕೊಟ್ಟಿತ್ತು. ಅವನು ಮಗಳ ಮನೆಗೆ ಬರುತ್ತಿದ್ದದ್ದು ಬೇಸಿಗೆಯಲ್ಲಿ, ಹೊಳೆಯನ್ನು ನಡೆದೇ ದಾಟಬಹುದಾದ ದಿನಗಳಲ್ಲಿ. ಮಳೆಗಾಲದ ಚಿಂತೆ ಅವನಿಗಿರಲಿಲ್ಲ. ಹೊಳೆಹುಲಿ ಇರುವ ಊರಲ್ಲವೇ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಮಗಳು ಬಸುರಿಯಾದಳು. ತವರಿಗೆ ಕರೆದೊಯ್ಯುವ ದಿನ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಒಂದು ನಸುಕಿನಲ್ಲಿ ನೋವು ಕಾಣಿಸಿಕೊಂಡಿತು. ಮಗು ಅಡ್ಡ ತಿರುಗಿದೆ, ತನ್ನ ಕೈಯಲ್ಲಿ ಆಗದು ಎಂದು ಸೂಲಗಿತ್ತಿ ಕೈಚೆಲ್ಲಿದಳು. ಅಳಿಯ ಗುಂಡುಕಲ್ಲಿಗೆ ಓಡಿಬಂದು, ತನ್ನ ಹಳೆಯ ಡಬ್ಬಾ ಫೋನಿನಿಂದ ಮಾವನಿಗೆ ಸುದ್ದಿಯಷ್ಟೇ ಮುಟ್ಟಿಸಿ, ದಾರಿಯ ಮಾತೆತ್ತದೆ ಹಾಗೆಯೇ ಹೆಂಡತಿಯ ಹತ್ತಿರ ಓಡಿಹೋದ. ರೈತ ಆಗಲೇ ಆ ಕಲ್ಲಿನ ಮೇಲಿದ್ದ. ಸ್ವಲ್ಪ ಹೊತ್ತಿಗೆ ಅವನ ಫೋನು ಸದ್ದು ಮಾಡಿತು. ವ್ಯಾಪಾರಿ ಗುಂಪಿನಲ್ಲಿ ಬರೆದಿದ್ದ:

"ಹೊಳೆಹುಲಿಯವರೇ, ನಿಮ್ಮ ಊರಿನಲ್ಲಿರುವ ನನ್ನ ಮಗಳಿಗೆ ಹೆರಿಗೆ ಕಷ್ಟವಾಗಿದೆ. ಡಾಕ್ಟರಮ್ಮನನ್ನು ಕರೆದುಕೊಂಡು ಹೊರಟಿದ್ದೇನೆ. ಸೇತುವೆಗೆ ಸುತ್ತಿ ಬರಲೋ, ದಡಕ್ಕೆ ಬರಲೋ?"

ರೈತ ಉತ್ತರಿಸುವ ಮೊದಲೇ ಉಳಿದವರು ಉತ್ತರಿಸಿದರು. ಹೊಳೆಹುಲಿ ಇರುವಾಗ ಭಯವೇಕೆ ಎಂದರು. ಇವತ್ತು ನೋಡಿ ಅವರ ಕೈಚಳಕ ಎಂದರು.

ಕಲ್ಲಿನ ಮೇಲಿಂದ ಹೊಳೆ ಕಾಣುತ್ತಿತ್ತು. ಹರಗೋಲು ಮಗುಚಿದ ಬುಟ್ಟಿಯ ಹಾಗೆ ದಡದಲ್ಲಿ ಬಿದ್ದಿತ್ತು. ಮೂರನೆಯ ಕಲ್ಲು ಹಿಂದಿನ ದಿನವೇ ಮುಳುಗಿದ್ದು ರೈತನಿಗೆ ಗೊತ್ತಿತ್ತು. ಸುತ್ತಿ ಬನ್ನಿ ಎಂದು ಎರಡು ಮಾತು ಬರೆದಿದ್ದರೆ ಸಾಕಿತ್ತು. ಅಷ್ಟು ಜನ ನೋಡುತ್ತಿದ್ದಾರೆ. ಬರೆಯಲು ಬೆರಳು ಬರಲಿಲ್ಲ. ಕಾಲು ಹಿಡಿದಾದರೂ ಅಂಬಿಗನನ್ನು ಒಪ್ಪಿಸುತ್ತೇನೆ ಎಂದುಕೊಂಡ. ಬರೆದ: "ದಡಕ್ಕೆ ಬನ್ನಿ. ನಾನಿದ್ದೇನೆ."

ಗುಡ್ಡ ಇಳಿದು ಅಂಬಿಗನ ಕಾಲು ಹಿಡಿದ.

"ಕಾಕಾ, ಎಷ್ಟು ಸಲ ದಾಟೀದಿ ನೀನು. ಇದೊಂದು ಸಲ ದಾಟು."

"ತುಂಬಿದ ಹೊಳಿ ನಾ ಒಂದ ಸಲಾನೂ ದಾಟಿಲ್ಲ, ತಮ್ಮಾ. ಅದಕ್ಕ ಇನ್ನೂ ಜೀವಂತ ಅದೀನಿ," ಎಂದ ಅಂಬಿಗ. "ಡಾಕ್ಟರಮ್ಮನ್ನ ಮುಳುಗಿಸಿ ಆ ಹುಡುಗಿಗೆ ಏನು ಉಪಯೋಗ? ಈಗಿಂದೀಗ ಗುಂಡುಕಲ್ಲು ಹತ್ತಿ, ಸುತ್ತ ಹಾಕ್ಕೊಂಡು ಬರ್ರಿ ಅಂತ ತಿಳಿಸು. ಇನ್ನೂ ಹೊತ್ತು ಐತಿ."

ಹೊತ್ತು ಇತ್ತು. ರೈತ ಗುಡ್ಡದ ಕಡೆಗೆ ನಡೆದ. ಅರ್ಧ ದಾರಿಯಲ್ಲಿ ನಿಂತ. ಏನೆಂದು ಬರೆಯುವುದು? ನನಗೆ ಬಾರದು ಎಂದೇ? ಇಷ್ಟು ದಿನ ಬರೆದದ್ದಕ್ಕೆ ಏನು ಹೇಳುವುದು? ನಿಂತೇ ಇದ್ದ. ಬಿಸಿಲು ಏರಿತು. ಆಚೆ ದಡಕ್ಕೆ ಜೀಪೊಂದು ಬಂದು ನಿಂತದ್ದು ಕಂಡಿತು. ವ್ಯಾಪಾರಿ ಇಳಿದು, ಹುಬ್ಬಿನ ಮೇಲೆ ಕೈಯಿಟ್ಟು ಈಚೆ ನೋಡತೊಡಗಿದ. ರೈತನಿಗೆ ಸಾಯುವುದು ಸುಲಭವೆನಿಸಿತು. ಆ ಒಂದು ಮಾತು ಬರೆಯುವುದೇ ಕಷ್ಟವೆನಿಸಿತು.

ಅವನು ದಡಕ್ಕೆ ವಾಪಸು ಬಂದ. ಅಂಬಿಗ ಅಲ್ಲಿರಲಿಲ್ಲ. ಬೋರಲು ಹಾಕಿದ ಹರಗೋಲನ್ನು ಎತ್ತಿ ನೀರಿಗೆ ನೂಕಿ ಹತ್ತಿದ.

ಹುಟ್ಟು ಬಾರದವನ ಕೈಯಲ್ಲಿ ಹರಗೋಲು ಮುಂದೆ ಹೋಗುವುದಿಲ್ಲ. ಗಿರಗಿರನೆ ಸುತ್ತುತ್ತ ಅದು ನೀರಿನ ಜೊತೆ ಕೆಳಗೆ ಸಾಗಿತು. ನೀರಿನಲ್ಲಿ ಬಾಗಿದ್ದ ಒಂದು ಜಾಲಿಯ ಕೊಂಬೆ ರೈತನ ಕೈಗೆ ಸಿಕ್ಕಿತು. ಕೂಗು ಕೇಳಿ ಓಡಿಬಂದ ಅಂಬಿಗ ಹಗ್ಗ ಎಸೆದು ಅವನನ್ನು ಎಳೆದುಕೊಂಡ. ಹರಗೋಲು ಹೊಳೆಯ ಪಾಲಾಯಿತು. ಅಂಬಿಗ ತಲೆಯ ಕೆಂಪು ರುಮಾಲು ಬಿಚ್ಚಿ ಆಚೆ ದಡಕ್ಕೆ ಬೀಸಿದ. ಹೊಳೆ ಬಂದ್ ಎಂದು ಅದರ ಅರ್ಥ. ಆಗ ನಡುಮಧ್ಯಾಹ್ನ. ವ್ಯಾಪಾರಿ ಜೀಪು ಹತ್ತಿ ಸೇತುವೆಯ ಕಡೆ ತಿರುಗಿದ.

ಅವನು ಡಾಕ್ಟರಮ್ಮನೊಂದಿಗೆ ಗುಡ್ಡ ದಾಟಿ ಹಳ್ಳಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗಳು ಉಳಿದಳು. ಮಗು ಹೊತ್ತು ಮುಳುಗುವ ಮುಂಚೆಯೇ ಹೋಗಿತ್ತು.

ಮರುದಿನ ರೈತ ಗುಂಡುಕಲ್ಲು ಹತ್ತಿದ. ಫೋನಿನ ತುಂಬ ಅವನ ಹೆಸರೇ. ವ್ಯಾಪಾರಿ ರಾತ್ರಿಯೇ ಇದೇ ಕಲ್ಲಿಗೆ ಬಂದು ಬರೆದಿದ್ದ: ನನ್ನ ಮೊಮ್ಮಗು ಉಳಿಯಲಿಲ್ಲ, ಆದರೆ ನನ್ನ ಮಗಳಿಗಾಗಿ ಹೊಳೆಹುಲಿ ಜೀವದ ಹಂಗು ತೊರೆದು ನೀರಿಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಕಂಡಿದ್ದು ನಿಜವೇ. ಆಚೆ ದಡದಿಂದ ಅಷ್ಟೇ ಕಾಣುತ್ತದೆ. ಅದರ ಕೆಳಗೆ ಸಾವಿರಾರು ಜನರ ಹೊಗಳಿಕೆ. ರೈತನ ಜನ್ಮದಲ್ಲಿ ಅಷ್ಟು ಹೊಗಳಿಕೆ ಯಾವತ್ತೂ ಬಂದಿರಲಿಲ್ಲ. ಓದುತ್ತ ಓದುತ್ತ ಅವನಿಗೆ ನಾಚಿಕೆಯಾಯಿತು.

ಅವನು ನಿಜ ಬರೆದ. ನನಗೆ ಹುಟ್ಟು ಹಾಕಲು ಬರುವುದಿಲ್ಲ, ಇಷ್ಟು ದಿನ ಬರೆದದ್ದೆಲ್ಲ ಬೇರೆಯವನದು ಎಂದ.

ಎಂಥ ವಿನಯ ಎಂದು ಜನ ಇನ್ನಷ್ಟು ಹೊಗಳಿದರು.

ಆಗ ಅವನು ಕಲ್ಲು ಇಳಿದು ವ್ಯಾಪಾರಿಯ ಮಗಳ ಮನೆಗೆ ಹೋದ. ಬಾಗಿಲಲ್ಲಿ ನಿಂತು, ತಲೆ ಎತ್ತದೆ, ಎಲ್ಲವನ್ನೂ ಹೇಳಿದ. ಒಳಗೆ ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ವ್ಯಾಪಾರಿ ಬೈಯಲಿಲ್ಲ. ಒಂದೇ ಮಾತು ಕೇಳಿದ:

"ಮುಂಜಾನೆ ನೀವು ಆಗೂದಿಲ್ಲ ಅಂತ ಒಂದು ಮಾತು ಹಾಕಿದ್ರ, ನಾ ಎಷ್ಟೊತ್ತಿಗೆ ಬಂದು ಮುಟ್ಟತಿದ್ದೆ?"

"ಮಧ್ಯಾಹ್ನಕ್ಕ, ಸಾಹುಕಾರ್ರ," ಎಂದ ರೈತ.

ವ್ಯಾಪಾರಿ ಎದ್ದು ಒಳಗೆ ಹೋದ.

ಆ ವರ್ಷ ರೈತ ಬಿದಿರು ಕಡಿದು ತಂದು, ಅಂಬಿಗನ ಕೈಕೆಳಗೆ ಕೂತು ಹೊಸ ಹರಗೋಲು ಹೆಣೆದುಕೊಟ್ಟ. ಆಮೇಲೂ ಅವನು ದಿನಾ ಗುಂಡುಕಲ್ಲು ಹತ್ತುತ್ತಿದ್ದ. ಹೊಳೆಹುಲಿ ಎಂಬ ಹೆಸರು ಅಳಿಸಿಹಾಕಿದ್ದ. ಬರೆಯುತ್ತಿದ್ದದ್ದು ಒಂದೇ ಸಾಲು: ನೀರು ಇವತ್ತು ಇಂಥ ಕಲ್ಲಿನಲ್ಲಿದೆ, ದಾಟಬಹುದು, ಅಥವಾ ದಾಟಬಾರದು. ಅದರ ಕೆಳಗೆ, ಹೇಳಿದವನು ಅಂಬಿಗರ ಯಂಕಪ್ಪ ಎಂದು ಬರೆಯುತ್ತಿದ್ದ. ಯಾರೂ ಶಹಬ್ಬಾಸ್ ಎನ್ನಲಿಲ್ಲ. ದಾಟಬೇಕಾದವರು ಮಾತ್ರ ಓದುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ನೆಲದ ಮೇಲಿತ್ತು.

"ಆ ವ್ಯಾಪಾರಿ ಅವನನ್ನು ಕ್ಷಮಿಸಿದನೇ, ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

ಗುರುಗಳು ಎದ್ದು ಮೆಟ್ಟು ಮೆಟ್ಟಿಕೊಂಡರು. ಎರಡು ಹೆಜ್ಜೆ ನಡೆದು ತಿರುಗಿ ನೋಡಿದರು.

"ನಾಳೆ ಬೆಳಗ್ಗೆ ಈ ಕತೆಯನ್ನೂ ಗುಂಪಿಗೆ ಹಾಕುತ್ತೀಯಲ್ಲ, ಕೆಳಗೆ ಯಾರ ಹೆಸರು ಬರೆಯುತ್ತೀ, ಮಗನೇ?"