ನೀರುಗಂಟಿಯ ಕೈಗೆ ಬಂದ ಚೀಟಿ

"ಗುರುಗಳೇ, ಇನ್ನೇತಕ್ಕೆ ಹೆದರಿಕೆ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಗುರುಗಳು ಆದೇಶ ಕೊಟ್ಟಾಗ ಅಣೆಕಟ್ಟೆಯ ಬಾಗಿಲು ತೆರೆಯುವ ಯಂತ್ರಕ್ಕೆ ಅವನು ಕಾವಲಿನ ಪ್ರೋಗ್ರಾಂ ಬರೆದು ಮುಗಿಸಿದ್ದ. "ನಿಮ್ಮ ಡಿಜಿಟಲ್ ಸಹಿ ಇಲ್ಲದ ಆದೇಶವನ್ನು ಅದು ಮುಟ್ಟುವುದಿಲ್ಲ. ಆ ಸಹಿಯನ್ನು ಯಾರೂ ನಕಲು ಮಾಡಲಾರರು. ಹೋದ ವರ್ಷದ ನಿಮ್ಮ ಆದೇಶಗಳನ್ನು ಕೊಟ್ಟು ನೋಡಿದೆ, ಎಲ್ಲವನ್ನೂ ಒಪ್ಪಿಕೊಂಡಿತು."

"ನನ್ನ ಹೆದರಿಕೆ ಹೋಗಿಲ್ಲಪ್ಪ. ಕೂತು ಕೇಳು" ಎಂದರು ಗುರುಗಳು.

ಒಂದು ಕೆರೆಗೆ ಒಬ್ಬ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ವರ್ಷಕ್ಕೊಮ್ಮೆ ಊರವರು ಕಾಲುವೆಗಿಳಿದು ಹೂಳೆತ್ತುತ್ತಿದ್ದರು. ಕಾಲುವೆ ಗುಡ್ಡದ ಆಚೆಗೆ ತಿರುಗುತ್ತಿತ್ತು. ತೂಬಿನ ಬಳಿ ನಿಂತವನಿಗೆ ಜನ ಕಾಣುತ್ತಿರಲಿಲ್ಲ. ಅದಕ್ಕೇ ಕೆಲಸ ಮುಗಿದ ಮೇಲೆ ಗೌಡ ಒಂದು ಚೀಟಿ ಕಳಿಸುತ್ತಿದ್ದ: 'ಎಲ್ಲರೂ ಮೇಲೆ ಬಂದರು, ತೂಬು ತೆಗೆ.' ಕೆಳಗೆ ಗೌಡನ ಉಂಗುರದ ಮೊಹರು. ಆ ಉಂಗುರ ಅವನ ಬೆರಳು ಬಿಟ್ಟು ಕದಲಿದ್ದಿಲ್ಲ.

ನೀರುಗಂಟಿ ಭಯಭಕ್ತಿಯವನು. ಗೌಡನ ಮೊಹರಿರುವ ಕಾಗದವನ್ನು ಹರಿದುಹಾಕಬಾರದೆಂದು, ಕೆಲಸವಾದ ಮೇಲೆ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಮನೆಯ ಸೂರಿಗೆ ಸಿಕ್ಕಿಸಿಡುತ್ತಿದ್ದ.

ಒಂದು ವರ್ಷ ಅವನ ಹೆಂಡತಿಯೂ ಹೂಳಿನ ಬುಟ್ಟಿ ಹೊರಲು ಹೋಗಿದ್ದಳು. ಮಧ್ಯಾಹ್ನಕ್ಕೇ ಗುರುತಿಲ್ಲದ ಆಳೊಬ್ಬ ಚೀಟಿ ತಂದ.

"ಇಷ್ಟು ಬೇಗ ಮುಗಿಯಿತೇ?" ನೀರುಗಂಟಿಗೆ ಅಳುಕಾಯಿತು.

"ನನ್ನನ್ನೇನು ಕೇಳುತ್ತೀ? ಮೊಹರು ನೋಡಿಕೋ."

ಅವನೇನು ದಡ್ಡನಲ್ಲ, ಬಿಸಿಲಿಗೆ ಹಿಡಿದು ಮೂರು ಸಲ ನೋಡಿದ. ಗೌಡನದೇ ಮೊಹರು. ತೂಬು ತೆಗೆದ. ನೀರು ನುಗ್ಗಿತು.

ರೂಢಿಯಂತೆ ಕಣ್ಣಿಗೊತ್ತಿಕೊಳ್ಳಲು ಎತ್ತಿದಾಗ ಚೀಟಿಯ ಬೆನ್ನಿನಲ್ಲಿ ಒಣಗಿದ ಕೆಸರಿನ ಗುರುತು ಕಂಡಿತು. ನಡುವೆ ಗಾಯದ ಗೆರೆಯಿರುವ ಹೆಬ್ಬೆರಳು. ಅವನದೇ. ಅದು ಹೋದ ವರ್ಷ ಅವನೇ ಸೂರಿಗೆ ಸಿಕ್ಕಿಸಿದ್ದ ಚೀಟಿ. ನೀರಿನ ಜಗಳದಲ್ಲಿ ಸೋತವನೊಬ್ಬ ಅದನ್ನು ಕದ್ದು ಕಳಿಸಿದ್ದ. ಬರೆದದ್ದೆಲ್ಲ ನಿಜವೇ, ಹೋದ ವರ್ಷದ ಮಟ್ಟಿಗೆ.

ತೂಬಿನ ಮೇಲೆ ಬಿದ್ದು ಒತ್ತಿದ. ನೀರಿನ ರಭಸಕ್ಕೆ ಅದು ಕೂರಲಿಲ್ಲ. ಗುಡ್ಡದ ಆಚೆಯಿಂದ ಕೂಗು ಕೇಳಿತು. ಆಮೇಲೆ ಅದೂ ಕೇಳಲಿಲ್ಲ. ಸಂಜೆ ಮನೆಗೆ ಬಾರದವರಲ್ಲಿ ಅವನ ಹೆಂಡತಿಯೂ ಒಬ್ಬಳು.

ಗುರುಗಳು ನಿಲ್ಲಿಸಿದರು. "ಪಾಪ, ಅವನ ತಪ್ಪೇನು ಗುರುಗಳೇ? ಮೊಹರು ಸಾಚಾ ಇತ್ತಲ್ಲ" ಎಂದ ಚೆನ್ನವೀರ.

"ಹೋದ ವರ್ಷದ ನನ್ನ ಆದೇಶ ಕೊಟ್ಟಾಗ ನಿನ್ನ ಯಂತ್ರ ಏನು ಮಾಡಿತು ಅಂದೆ?"